ಕೋರ್ಟಿನಲ್ಲಿ ಮಗುವಿನ ಜೊತೆಗೆ

ಕೋರ್ಟು ಎಂದರೆ ದೊಡ್ಡವರಾದ ನಮಗೇ ಎದೆ ಡವಡವ ಅನ್ನುತ್ತದೆ, ಅಲ್ಲವೇ ಸೋದರಿಯರೇ? ಹಾಗಿರುವಾಗ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಮಗುವೊಂದು ಹಿರಿಯೂರಿನಿಂದಲೋ, ಹೊಸದುರ್ಗದಿಂದಲೋ, ಹೊಳಲ್ಕೆರೆಯಿಂದಲೋ ಬಸ್ಸು ಹತ್ತಿ ಚಿತ್ರದುರ್ಗದ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾದರೆ ಅದರ ಪಾಡೇನು?

ಇದಕ್ಕೆಂದೇ 2012ರ ಪೋಕ್ಸೋ ಕಾಯ್ದೆಯ 2020ರ ನಿಯಮಗಳಂತೆ, ಮಗುವೂ ಹೆತ್ತವರೂ ಒಪ್ಪಿದರೆ, ಮಕ್ಕಳ ಕಲ್ಯಾಣ ಸಮಿತಿಯು 'ಬೆಂಬಲ ವ್ಯಕ್ತಿ'ಯೊಬ್ಬರನ್ನು ಕೊಡುತ್ತದೆ. ಇವರು ವಕೀಲರಲ್ಲ. ಕೇಸು ಮುಗಿಯುವವರೆಗೂ ಜೊತೆಗಿದ್ದು, ಮುಂದೇನು ನಡೆಯುತ್ತದೆಂದು ತಿಳಿಹೇಳಿ ಧೈರ್ಯ ತುಂಬುವವರು. ಮಗುವಿನ ವಿಷಯ ಯಾರ ಮುಂದೆಯೂ ಬಾಯಿಬಿಡುವಂತಿಲ್ಲ.

ಈ ಕೆಲಸಕ್ಕೆ ಮಕ್ಕಳ ರಕ್ಷಣೆಯಲ್ಲಿ ಅನುಭವ ಬೇಕು. "ಹಾಗಾದರೆ ನಮ್ಮಿಂದೇನಾದೀತು?" ಅನ್ನಬೇಡಿ. ಮಗು ನಂಬಿದ ಚಿಕ್ಕಮ್ಮನೋ ಸೋದರತ್ತೆಯೋ ಕೋರ್ಟಿನಲ್ಲಿ ಜೊತೆಗಿರಲು ಅದೇ ಕಾಯ್ದೆಯ 33ನೇ ಕಲಮು ಅವಕಾಶ ಕೊಟ್ಟಿದೆ. ಮಗು ದಣಿದರೆ ನಡುನಡುವೆ ಬಿಡುವು ಕೇಳಬಹುದು. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು ಕೋರ್ಟಿನ ಹೊಣೆ.

ನೆರೆಯಲ್ಲಿ ಇಂಥದ್ದು ನಡೆದದ್ದು ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಅಪರಾಧವೇ. 1098ಕ್ಕೆ ಫೋನ್ ಮಾಡಿ, ಕಾಸು ಬೇಡ. ಹೊಡೆತ ತಿನ್ನುವ, ಹೊಟ್ಟೆಗಿಲ್ಲದೆ ಅಲೆಯುವ ಮಗುವಿಗೂ ಅದೇ ನಂಬರು. "ಮನೆ ಮರ್ಯಾದೆ" ಎಂದು ಹೆದರುವ ತಾಯಿಗೆ, ತಪ್ಪು ಮಗುವಿನದಲ್ಲ ಎಂದು ಹೇಳಿ. ಕೋರ್ಟಿನ ದಿನ ಒಂದಿಷ್ಟು ಬುತ್ತಿ ಕಟ್ಟಿಕೊಂಡು ಅವರ ಜೊತೆ ಬಸ್ಸು ಹತ್ತಿ.