ತಟ್ಟೆಯವರೂ ಓಟದವರೂ

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನನ್ನ ಮಗಳ ಮನೆ. ಹಿಂದಿನ ಸಲ ಆಗಸ್ಟಿನಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋದಾಗ ಮೊಮ್ಮಗಳು ಹೈಸ್ಕೂಲಿನ ಕ್ರಾಸ್ ಕಂಟ್ರಿ ಓಟದ ತಂಡಕ್ಕೆ ಸೇರಿದ್ದಳು. ಶಾಲೆ ಬಿಟ್ಟ ಮೇಲೆ ಹತ್ತಿರದ ಒಂದು ಪಾರ್ಕಿನಲ್ಲಿ ಅಭ್ಯಾಸ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದ ನನಗೆ ಅಲ್ಲಿ ಹೊಸ ಹುದ್ದೆ ಸಿಕ್ಕಿತು: ಅವಳ ನೀರಿನ ಬಾಟಲಿ ಹಿಡಿದುಕೊಂಡು ಬೆಂಚಿನ ಮೇಲೆ ಕೂರುವುದು.

ಆ ಪಾರ್ಕಿನಲ್ಲಿ ನೀಲಗಿರಿ ಮರಗಳು ಬಹಳ. ಕಣ್ಣು ಮುಚ್ಚಿ ಉಸಿರೆಳೆದರೆ ಊಟಿ ದಾರಿ ನೆನಪಾಗುತ್ತಿತ್ತು. ಮರಗಳ ನಡುವೆ ಅಲ್ಲಲ್ಲಿ ಕಬ್ಬಿಣದ ಕಂಬ, ಕಂಬಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿದ್ದ ಸರಪಳಿಗಳು. ಮೊದಲ ದಿನ ನಾನು ಅದನ್ನು ಹಕ್ಕಿಗೆ ಕಾಳಿಡುವ ಬುಟ್ಟಿ ಅಂದುಕೊಂಡಿದ್ದೆ. ಅಷ್ಟರಲ್ಲಿ ಎಲ್ಲಿಂದಲೋ ಕಿತ್ತಳೆ ಬಣ್ಣದ ತಟ್ಟೆಯೊಂದು ತೇಲಿ ಬಂದು ಸರಪಳಿಗೆ ಬಡಿಯಿತು. ಝಣ್!

ಮಕ್ಕಳೇ, ಈ ಆಟಕ್ಕೆ ಡಿಸ್ಕ್ ಗಾಲ್ಫ್ ಎನ್ನುತ್ತಾರೆ. ಗಾಲ್ಫ್‌ನಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಬೀಳಿಸುತ್ತಾರಲ್ಲ, ಇಲ್ಲಿ ತಟ್ಟೆಯನ್ನು ಎಸೆದು ಬುಟ್ಟಿಗೆ ಬೀಳಿಸಬೇಕು. ಯಾರು ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿಗಳನ್ನೂ ಮುಗಿಸುತ್ತಾರೋ ಅವರು ಗೆದ್ದಂತೆ. ಇದನ್ನು ಬೆಳೆಸಿದವರು ಎಡ್ ಹೆಡ್ರಿಕ್. ವ್ಯಾಮ್-ಓ ಎಂಬ ಆಟಿಕೆ ಕಂಪನಿಯಲ್ಲಿದ್ದಾಗ ಫ್ರಿಸ್ಬಿಗೆ ಈಗಿನ ರೂಪ ಕೊಟ್ಟವರೂ ಅವರೇ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಈ ಆಟಕ್ಕೆಂದೇ ಮೊದಲ ಕಾಯಂ ಅಂಕಣ ಮಾಡಿದರು. ಆಗ ಬುಟ್ಟಿ ಇರಲಿಲ್ಲ, ಬರೀ ಕಂಬ. ತಟ್ಟೆ ಕಂಬಕ್ಕೆ ತಾಗಿತು, ಇಲ್ಲ ತಾಗಲಿಲ್ಲ ಎಂದು ಜಗಳವೋ ಜಗಳ. ಅದಕ್ಕೇ ಸರಪಳಿ ಬುಟ್ಟಿ ಬಂತು: ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. 2002ರಲ್ಲಿ ಹೆಡ್ರಿಕ್ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನೇ ಎರಕ ಹೊಯ್ದರಂತೆ. ಇದನ್ನು ಕೇಳಿದ ನಮ್ಮ ಮನೆಯವರು, "ನಿಮ್ಮನ್ನು ಲೆಡ್ಜರಿನೊಳಗೆ ಸೇರಿಸೋದಾ?" ಎಂದರು.

ನೋಡಲು ಹಗುರ ಎನಿಸಿದರೂ ಆ ತಟ್ಟೆ ಬೀಚಿನಲ್ಲಿ ಆಡುವ ಫ್ರಿಸ್ಬಿಯಂತಲ್ಲ. ಅಂಗೈಯಲ್ಲಿ ಹಿಡಿದರೆ ಭಾರ ತಿಳಿಯುತ್ತದೆ. ನೂರೈವತ್ತು, ನೂರೆಪ್ಪತ್ತು ಗ್ರಾಂ. ಅಂಚು ಗಟ್ಟಿ. ಪಳಗಿದ ಕೈಯವರು ಎಸೆದರೆ ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚು ವೇಗ.

ಅಂಥದ್ದೊಂದು ತಟ್ಟೆ ಸೆಪ್ಟೆಂಬರಿನ ಒಂದು ಸಂಜೆ ನನ್ನ ಮೊಮ್ಮಗಳ ಮೊಣಕಾಲಿನ ಕೆಳಗೆ ಬಡಿಯಿತು. ಪೊದೆಯ ತಿರುವಿನಿಂದ ಅವಳು ಓಡಿ ಬಂದದ್ದು ಎಸೆದವರಿಗೆ ಕಾಣಲಿಲ್ಲ, ತಟ್ಟೆ ಬಂದದ್ದು ಅವಳಿಗೆ ಕಾಣಲಿಲ್ಲ. "ಫೋರ್!" ಎಂದು ಕೂಗಿದ್ದು ನನಗೆ ಕೇಳಿಸಿತು. ಎಚ್ಚರಿಕೆ ಕೊಡಲು ಗಾಲ್ಫಿನವರು ಕೂಗುವ ಮಾತು ಅದು, ಆದರೆ ಆಗಲೇ ತಡವಾಗಿತ್ತು. ಮೂಳೆಗೆ ಏನೂ ಆಗಲಿಲ್ಲ, ದೇವರ ದಯೆ. ಕಾಲು ಮಾತ್ರ ಬದನೆಕಾಯಿಯಂತೆ ಊದಿಕೊಂಡಿತು. ಎಸೆದವರು ನನ್ನದೇ ವಯಸ್ಸಿನವರು. ಓಡಲಾರದೆ ಓಡಿಬಂದು, ಟೋಪಿ ತೆಗೆದು, ಅವಳೆದುರು ಹುಲ್ಲಿನ ಮೇಲೆ ಕೂತುಬಿಟ್ಟರು. ಕೈ ನಡುಗುತ್ತಿತ್ತು. ನಾನು ಅವರ ಮುಖ ನೋಡಲಿಲ್ಲ.

ಆ ರಾತ್ರಿ ಕೂತು ದೂರು ಬರೆದೆ. ಪಾರ್ಕಿನಲ್ಲಿ ತಟ್ಟೆ ಆಟ ನಿಲ್ಲಿಸಬೇಕು, ಕಾರಣಗಳು ಒಂದು, ಎರಡು, ಮೂರು. ಅರ್ಜಿ ಬರೆಯುವುದರಲ್ಲಿ ನನ್ನ ಕೈ ಚೆನ್ನಾಗಿದೆ. ಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದ ಮೊಮ್ಮಗಳು ಓದಿ, "ತಾತ, ಅದು ಅವರ ಪಾರ್ಕೂ ಅಲ್ವಾ?" ಎಂದಳು. ನಾನು ಉತ್ತರ ಕೊಡಲಿಲ್ಲ. ಏಕೆಂದರೆ ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ 'ಇಲ್ಲಿ ಆಟ ಆಡಬಾರದು' ಎಂಬ ಬೋರ್ಡು ನೇತಾಡುತ್ತಿದೆಯಲ್ಲ, ಅದರ ಅರ್ಜಿ ಬರೆದವನೂ ನಾನೇ. ಒಬ್ಬ ಹುಡುಗನ ಕ್ರಿಕೆಟ್ ಚೆಂಡು ನಮ್ಮ ವಾಕಿಂಗ್ ಗೆಳೆಯರೊಬ್ಬರ ಕನ್ನಡಕ ಒಡೆದಿತ್ತು. ಕನ್ನಡಕ ಒಂದು, ಆಟ ನಿಂತದ್ದು ಇಡೀ ಬಡಾವಣೆಯ ಮಕ್ಕಳದ್ದು. ಆ ಲೆಕ್ಕವನ್ನು ನಾನು ಅದುವರೆಗೂ ಮಾಡಿರಲಿಲ್ಲ.

ಅವಳಿಗೆ ವಿಶ್ರಾಂತಿಯ ಆ ವಾರದಲ್ಲೇ ಮಗಳು ನಮ್ಮನ್ನು ಊರಿನ ದೊಡ್ಡ ಬಾಲ್ಬೋವಾ ಪಾರ್ಕಿಗೆ ಕರೆದೊಯ್ದಳು. 1868ರಲ್ಲಿ ಊರಿನವರು ಉದ್ಯಾನಕ್ಕೆಂದು 1,400 ಎಕರೆ ಬಂಜರು ನೆಲ ಬಿಟ್ಟುಕೊಟ್ಟಿದ್ದರು. ಈಗ ಉಳಿದಿರುವುದು ಸುಮಾರು 1,200. ನಮ್ಮ ಲಾಲ್‌ಬಾಗಿನಂಥವು ಐದು ಸೇರಿದಷ್ಟು! 1892ರಲ್ಲಿ ಕೇಟ್ ಸೆಷನ್ಸ್ ಎಂಬ ಹೆಣ್ಣುಮಗಳು ಅಲ್ಲಿ 30 ಎಕರೆಯನ್ನು ತನ್ನ ಸಸ್ಯಕ್ಷೇತ್ರಕ್ಕೆ ಪಡೆದಳು. ಬಾಡಿಗೆ ಏನು ಗೊತ್ತೇ? ವರ್ಷಕ್ಕೆ ನೂರು ಮರ ಅದೇ ಪಾರ್ಕಿನಲ್ಲಿ ನೆಡಬೇಕು, ಊರಿಗೆ ಇನ್ನೂ ಮುನ್ನೂರು ಕೊಡಬೇಕು. ಬಡ್ಡಿ ಮರದ ರೂಪದಲ್ಲಿ! ಅದೇ ಉದ್ಯಾನದ ಒಂದು ಬದಿಗೆ, ಹಳೆಯ ಮೇಲ್ವಿಚಾರಕ ಜಾನ್ ಮಾರ್ಲಿ ಹೆಸರಿನ ಮೈದಾನವಿದೆ. ಅಲ್ಲಿ 1970ರ ದಶಕದಿಂದ ಡಿಸ್ಕ್ ಗಾಲ್ಫ್ ನಡೆಯುತ್ತಿದೆ. ಹೈಸ್ಕೂಲು ಮಕ್ಕಳ ರಾಷ್ಟ್ರಮಟ್ಟದ ಕ್ರಾಸ್ ಕಂಟ್ರಿ ಅಂತಿಮ ಓಟಗಳು ಹಲವು ವರ್ಷ ನಡೆದದ್ದೂ ಅಲ್ಲೇ. ಮನೆಗೆ ಬಂದು ನನ್ನ ದೂರನ್ನು ಮಡಿಚಿ ಪಾಸ್‌ಪೋರ್ಟಿನ ಕವರಿನಲ್ಲಿಟ್ಟೆ.

ಮುಂದಿನ ಶನಿವಾರ ನಮ್ಮ ಪಾರ್ಕಿನಲ್ಲಿ ಓಟದ ತರಬೇತುದಾರರು, ತಟ್ಟೆಯವರು ನಾಲ್ಕು ಜನ, ಪಾರ್ಕಿನ ಸಿಬ್ಬಂದಿಯವರೊಬ್ಬರು ಸೇರಿದರು. ಜಗಳವಾಗುತ್ತದೆ ಎಂದುಕೊಂಡು ನಾನೂ ಹೋದೆ. ಅವರು ಮಾತಿಗೆ ಕೂರಲೇ ಇಲ್ಲ. ಓಟದ ದಾರಿಯುದ್ದಕ್ಕೂ ಎಲ್ಲರೂ ಒಟ್ಟಿಗೆ ನಡೆದರು. ತಟ್ಟೆಯ ದಾರಿ ಓಟದ ದಾರಿಯನ್ನು ಎಲ್ಲೆಲ್ಲಿ ಅಡ್ಡ ಹಾಯುತ್ತದೆ ಎಂದು ನೋಡಿದರೆ, ಅಪಾಯದ ಜಾಗ ಇದ್ದದ್ದು ಮೂರೇ ಮೂರು. ಒಂದು ಕಡೆ ಎಸೆಯುವ ಜಾಗವನ್ನು ಹಿಂದಕ್ಕೆ ಸರಿಸಿದರು. ಇನ್ನೊಂದು ಕಡೆ ಪೊದೆ ಕತ್ತರಿಸಲು ಒಪ್ಪಿದರು. ನನಗೆ ಬಹಳ ಹಿಡಿಸಿದ್ದು ಮೂರನೆಯದು: ಮಕ್ಕಳು ಓಡುವ ದಿಕ್ಕನ್ನೇ ತಿರುಗಿಸಿಬಿಟ್ಟರು. ಈವರೆಗೆ ಎಸೆಯುವವರಿಗೆ ಬೆನ್ನು ಹಾಕಿ ಓಡುತ್ತಿದ್ದವರು ಇನ್ನು ಅವರ ಮುಖ ನೋಡುತ್ತ ಬರುತ್ತಾರೆ. ಒಂದು ಕಾಸಿನ ಖರ್ಚಿಲ್ಲ! ಅಭ್ಯಾಸದಲ್ಲಿ ಮಕ್ಕಳು ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬಾರದು, ದಾರಿಯಲ್ಲಿ ಯಾರೇ ಕಂಡರೂ ತಟ್ಟೆಯವರು ಎಸೆಯದೆ ಕಾಯಬೇಕು. ಪಂದ್ಯದ ದಿನ ಮಧ್ಯಾಹ್ನದವರೆಗೆ ಆ ಮೂರು ಬುಟ್ಟಿಗಳಿಗೆ ಬಿಡುವು, ಅದರ ಚೀಟಿ ಒಂದು ವಾರ ಮುಂಚೆಯೇ ಅಂಟಿಸಬೇಕು.

ತಟ್ಟೆಯವರಲ್ಲಿ ಒಬ್ಬ ಯುವಕನಿಗೆ ಇದು ಸರಿಬರಲಿಲ್ಲ. ವಾರವಿಡೀ ಕೆಲಸ ಮಾಡಿ ಶನಿವಾರ ಒಂದು ಬೆಳಗ್ಗೆ ಸಿಗುತ್ತದೆ, ಅದನ್ನೂ ಬಿಡಬೇಕೇ ಎಂದ. ಅವನ ಮಾತೂ ಸುಳ್ಳಲ್ಲ. ಅವನು ಒಪ್ಪಿದನೋ ಇಲ್ಲವೋ ನನಗೆ ತಿಳಿಯಲಿಲ್ಲ, ತಟ್ಟೆಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಅಕ್ಟೋಬರಿನಲ್ಲಿ ಪಂದ್ಯ. ತಿರುವುಗಳಲ್ಲಿ ಬಾವುಟ ಹಿಡಿದು ನಿಲ್ಲಲು ಜನ ಬೇಕು ಎಂದರು, ಕೈ ಎತ್ತಿದೆ. ಪೊದೆಯ ತಿರುವಿನಲ್ಲಿ ನಾನು. ನನ್ನ ಜೊತೆ ಯಾರು? ಮೊಮ್ಮಗಳ ಕಾಲಿಗೆ ತಟ್ಟೆ ಎಸೆದ ಅದೇ ಹಿರಿಯರು! ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಅವಳ ಕಾಲು ಹೇಗಿದೆ ಎಂದು ಕೇಳಿದರು. ನಾನು ಅವರ ಮಂಡಿ ಹೇಗಿದೆ ಎಂದು ಕೇಳಿದೆ. ಅಲ್ಲಿಂದ ಇಬ್ಬರ ಮಂಡಿನೋವಿನ ಕಥೆ ಓಟ ಶುರುವಾಗುವವರೆಗೂ ನಡೆಯಿತು.

ಮಕ್ಕಳು ಬಂದದ್ದು ಮೊದಲು ಕಿವಿಗೆ ತಿಳಿಯಿತು, ಕುರಿಹಿಂಡು ಬಂದಂತೆ ದಬದಬ ಸದ್ದು. ಅವಳು ನನ್ನೆದುರು ಹಾದುಹೋದದ್ದು ಮೂರು ಸೆಕೆಂಡು. ನನ್ನ ಕಡೆ ನೋಡಲೂ ಇಲ್ಲ. ಕೊನೆಯ ಗೆರೆ ಮುಟ್ಟಿದ್ದನ್ನು ನೋಡುವ ಭಾಗ್ಯ ಬಾವುಟದವನಿಗಿಲ್ಲ.

ಈ ಓಟದ ಲೆಕ್ಕ ಬ್ಯಾಂಕಿನವನಿಗೆ ಹೋಳಿಗೆ. ತಂಡಕ್ಕೆ ಏಳು ಜನ. ಮೊದಲು ಬಂದ ಐವರ ಸ್ಥಾನಗಳನ್ನು ಕೂಡಬೇಕು, ಕಡಿಮೆ ಮೊತ್ತದವರು ಗೆದ್ದಂತೆ. ನಮ್ಮವರದು 3, 8, 11, 17, 23, ಒಟ್ಟು 62. ಎದುರಾಳಿಗಳದು 1, 5, 14, 18, 25, ಒಟ್ಟು 63. ಒಂದೇ ಅಂಕ! ನಮ್ಮ ಹುಡುಗಿ ತಂಡದಲ್ಲಿ ಆರನೆಯವಳು, ಬಂದದ್ದು 24ನೆಯ ಸ್ಥಾನಕ್ಕೆ. ಅವಳ ಅಂಕ ಲೆಕ್ಕಕ್ಕಿಲ್ಲ. "ನಾನು ಏನೂ ಮಾಡಲಿಲ್ಲ ತಾತ" ಎಂದು ಮುಖ ಸಣ್ಣದು ಮಾಡಿಕೊಂಡಳು. ಕಾಗದ ಪೆನ್ನು ತೆಗೆದು ತೋರಿಸಿದೆ: ನೀನು ಇಲ್ಲದಿದ್ದರೆ ಅವರ ಐದನೆಯವಳು 24ನೆಯವಳಾಗುತ್ತಿದ್ದಳು, ಅವರ ಮೊತ್ತವೂ 62 ಆಗುತ್ತಿತ್ತು. ಆ ಒಂದು ಅಂಕ ನಿನ್ನದು. ಆ ಕಾಗದವನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ಮೈಸೂರಿಗೆ ಬಂದು ನಾಲ್ಕು ತಿಂಗಳಾಯಿತು. ಪಾರ್ಕಿನ ಬೋರ್ಡು ತೆಗೆಯಲು ನಮ್ಮ ವಾಕಿಂಗ್ ಗೆಳೆಯರಲ್ಲಿ ಎಲ್ಲರೂ ಒಪ್ಪಿಲ್ಲ. ಕನ್ನಡಕ ಕಳೆದುಕೊಂಡವರು ಒಪ್ಪಿದ್ದಾರೆ ಎಂಬುದು ಆಶ್ಚರ್ಯ. ಬೋರ್ಡಿನ ಕೆಳಗೆ 'ಸಂಜೆ 4ರಿಂದ 5:30, ಮಕ್ಕಳ ಆಟ, ಟೆನಿಸ್ ಚೆಂಡು ಮಾತ್ರ' ಎಂದು ಬರೆದು ಒಂದು ಕಾಗದ ಅಂಟಿಸಿದ್ದೇವೆ. ಮೊನ್ನೆ ಮಳೆಗೆ ನೆನೆದು ಹರಿಯಿತು. ಮತ್ತೆ ಬರೆದು, ಈ ಸಲ ಪ್ಲಾಸ್ಟಿಕ್ ಹೊದಿಸಿ ಕಟ್ಟಿ ಬಂದೆ.