ವಿದ್ಯುತ್ ಕಡಿತದ ಕ್ರಮ: ಗಣಕಯಂತ್ರದಲ್ಲಿ ಡ್ರೈವರ್ ತಂತ್ರಾಂಶದ ಹೊಣೆ

ರಾಯಚೂರು ತಾಲ್ಲೂಕಿನ ಚಂದ್ರಬಂಡದಂತಹ ಊರಿನ ವೇಬ್ರಿಡ್ಜ್ ಒಂದನ್ನು ಊಹಿಸಿಕೊಳ್ಳಬಹುದು. ಬೆಳಿಗ್ಗೆ ಬಂದ ಲಾರಿಗಳ ತೂಕವೆಲ್ಲ ಗಣಕಯಂತ್ರದಲ್ಲಿ ಸರಿಯಾಗಿ ದಾಖಲಾಗಿದೆ. ಮಧ್ಯಾಹ್ನ ಒಂದು ತಾಸು ಯಾವ ಗಾಡಿಯೂ ಬಂದಿಲ್ಲ. ಬಳಿಕ ಹತ್ತಿಯ ಲಾರಿ ಬಂದು ನಿಂತಾಗ ತೂಕದ ಯಂತ್ರದ ಮುಖದಲ್ಲಿ ಅಂಕಿ ಕಾಣುತ್ತದೆ; ಗಣಕಯಂತ್ರದ ಪರದೆ ಮಾತ್ರ ಖಾಲಿಯಾಗಿರುತ್ತದೆ. ಗುಮಾಸ್ತನು ಯುಎಸ್‌ಬಿ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೆ ಎಲ್ಲವೂ ಸರಿಹೋಗುತ್ತದೆ. ಮೆಕ್ಯಾನಿಕ್ ಬಂದು ನೋಡಿದರೆ ಯಾವ ದೋಷವೂ ಸಿಗುವುದಿಲ್ಲ. ಇಂತಹ ಪ್ರಸಂಗಗಳಲ್ಲಿ ಮೊದಲು ಸಂಶಯಿಸಬೇಕಾದದ್ದು ಡ್ರೈವರ್ ಎಂಬ ಪುಟ್ಟ ತಂತ್ರಾಂಶವನ್ನು.

ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳಿಗೆ ಪ್ರತಿಯೊಂದು ಉಪಕರಣದ ಒಳಗುಟ್ಟು ತಿಳಿದಿರುವುದಿಲ್ಲ. ಅದನ್ನು ತಿಳಿದಿರುವುದು ಆಯಾ ಉಪಕರಣದ ಡ್ರೈವರ್. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಪಿಎಂ ಪದ್ಧತಿಯಲ್ಲಿ ವಿದ್ಯುತ್ ಉಳಿತಾಯದ ನಿರ್ಧಾರವು ಬಹುಪಾಲು ಬಯೋಸ್‌ನ ಕೈಯಲ್ಲಿತ್ತು. 1996ರಲ್ಲಿ ಆ ಎರಡು ಸಂಸ್ಥೆಗಳೊಂದಿಗೆ ತೋಷಿಬಾ ಸೇರಿ ಪ್ರಕಟಿಸಿದ ಎಸಿಪಿಐ ಮಾನದಂಡವು ಆ ಅಧಿಕಾರವನ್ನು ಕಾರ್ಯಾಚರಣ ವ್ಯವಸ್ಥೆಗೆ ವರ್ಗಾಯಿಸಿತು. ಅದರ ಪ್ರಕಾರ ಉಪಕರಣವು ಪೂರ್ಣ ಕೆಲಸದಲ್ಲಿದ್ದರೆ ಡಿ0 ಸ್ಥಿತಿ. ವಿದ್ಯುತ್ ಕಡಿತದ ಕೊನೆಯ ಹಂತ ಡಿ3. ಇವೆರಡರ ನಡುವೆ ಉಪಕರಣವನ್ನು ಸುರಕ್ಷಿತವಾಗಿ ಕರೆದೊಯ್ದು ಮರಳಿ ತರುವುದೇ ಡ್ರೈವರಿನ ಹೊಣೆ.

ಈ ಹೊಣೆಯ ಸಾರವೆಲ್ಲ ಕ್ರಮದಲ್ಲಿದೆ. ಅಡತಿ ಅಂಗಡಿ ಮುಚ್ಚುವ ರೀತಿಯನ್ನು ನೆನೆಯಬಹುದು. ಹಮಾಲರು ಒಳಗಿರುವಾಗ ಗೋದಾಮಿಗೆ ಬೀಗ ಹಾಕುವವರಿಲ್ಲ. ರೋಕಡ್ ಬರೆದು ಮುಗಿಸದೆ ದೀಪ ಆರಿಸುವ ಮುನೀಮನೂ ಇಲ್ಲ. ಅಂತೆಯೇ ಡ್ರೈವರ್ ಮೊದಲು ಹೊಸ ಕೆಲಸ ಸ್ವೀಕರಿಸುವುದನ್ನು ನಿಲ್ಲಿಸಬೇಕು. ಅರ್ಧಕ್ಕೆ ನಿಂತ ಕೆಲಸವನ್ನು ಪೂರೈಸಬೇಕು. ವಿದ್ಯುತ್ ಹೋದೊಡನೆ ಅಳಿಸಿಹೋಗುವ ಹೊಂದಾಣಿಕೆಗಳನ್ನು ಮುಖ್ಯ ಸ್ಮೃತಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಹಾರ್ಡ್ ಡಿಸ್ಕ್ ಆದರೆ ಅದರ ತಾತ್ಕಾಲಿಕ ಸ್ಮೃತಿಯಲ್ಲಿರುವ ಮಾಹಿತಿ ತಟ್ಟೆಯ ಮೇಲೆ ಇಳಿದಿರಬೇಕು. ಆ ಬಳಿಕವೇ ವಿದ್ಯುತ್ ಕಡಿತ. ಮರಳಿ ಎಚ್ಚರಿಸುವಾಗ ಇದಕ್ಕೆ ತದ್ವಿರುದ್ಧ ಕ್ರಮ: ವಿದ್ಯುತ್ ಕೊಟ್ಟು, ವೋಲ್ಟೇಜ್ ಸ್ಥಿರವಾಗುವವರೆಗೆ ಕಾದು, ಬರೆದಿಟ್ಟ ಹೊಂದಾಣಿಕೆಗಳನ್ನು ಮತ್ತೆ ತುಂಬಬೇಕು. ಕಾಯುವ ಅವಧಿ ಕೆಲವು ಮಿಲಿಸೆಕೆಂಡುಗಳಷ್ಟೇ ಇರಬಹುದು. ಅದನ್ನು ಬಿಟ್ಟರೆ ಹತ್ತು ಬಾರಿ ಸರಿಯಾಗಿ ಎದ್ದ ಉಪಕರಣ ಹನ್ನೊಂದನೆಯ ಬಾರಿ ಏಳದೆ ಹೋಗಬಹುದು.

ಒಂದೇ ವಿದ್ಯುತ್ ಮಾರ್ಗವನ್ನು ಹಲವು ಉಪಕರಣಗಳು ಹಂಚಿಕೊಂಡಿರುವಾಗ ತೊಡಕು ಹೆಚ್ಚು. ಒಂದೇ ಮೇನ್ ಸ್ವಿಚ್ಚಿಗೆ ಮೂರು ಮಳಿಗೆಗಳಿದ್ದರೆ ಕೊನೆಯವನು ಹೊರಟ ಮೇಲಷ್ಟೇ ಅದನ್ನು ಇಳಿಸಬೇಕಲ್ಲವೇ? ಅದಕ್ಕಾಗಿ ಕಾರ್ಯಾಚರಣ ವ್ಯವಸ್ಥೆಯು ಬಳಕೆದಾರರ ಎಣಿಕೆಯನ್ನು ಇಟ್ಟುಕೊಂಡು, ಅದು ಸೊನ್ನೆಯಾದಾಗ ಮಾತ್ರ ವಿದ್ಯುತ್ತನ್ನು ಕಡಿಯುತ್ತದೆ. ವೇಬ್ರಿಡ್ಜ್ ಉದಾಹರಣೆಯಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ ಇಲ್ಲಿಯೇ. ಪೋರ್ಟ್ ತೆರೆದಿರುವಾಗಲೂ ಯಾರೂ ಬಳಸುತ್ತಿಲ್ಲವೆಂದು ಡ್ರೈವರ್ ತಪ್ಪು ಲೆಕ್ಕ ಕೊಡುತ್ತದೆ. ಲೆಕ್ಕಪರಿಶೋಧಕರ ಭಾಷೆಯಲ್ಲಿ ಹೇಳುವುದಾದರೆ, ಬಾಕಿ ಇರುವ ಖಾತೆಯನ್ನು ಚುಕ್ತಾ ಎಂದು ತೋರಿಸಿದಂತೆ.

ಪದೇಪದೇ ಸ್ವಿಚ್ ಮಾಡುವುದರಲ್ಲಿಯೂ ಲಾಭವಿಲ್ಲ. ಬಾಯ್ಲರ್ ಆರಿಸಿ ಹತ್ತು ನಿಮಿಷಕ್ಕೆ ಮತ್ತೆ ಹೊತ್ತಿಸುವ ಅಕ್ಕಿ ಗಿರಣಿ ಮಾಲೀಕನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದಲೇ ಡ್ರೈವರ್ ನಿಷ್ಕ್ರಿಯ ಅವಧಿಯನ್ನು ಸ್ವಲ್ಪ ಕಾದು ನೋಡುತ್ತದೆ. ಲಿನಕ್ಸ್‌ನಲ್ಲಿ ಯುಎಸ್‌ಬಿ ಉಪಕರಣಗಳಿಗೆ ಈ ಅವಧಿ ಸಾಮಾನ್ಯವಾಗಿ 2 ಸೆಕೆಂಡು.

ಬ್ಯಾಟರಿಯಿಂದ ನಡೆಯುವ ಯಂತ್ರಗಳಿಗೆ ಈ ಶಿಸ್ತು ಅನಿವಾರ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ 2001ರಲ್ಲಿ ಹೊರತಂದ ಅಂಗೈ ಯಂತ್ರ ಸಿಂಪ್ಯೂಟರ್, ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ಮೇಲೆ ಲಿನಕ್ಸ್ ನಡೆಸುತ್ತಿತ್ತು. ಇಂದು ಪ್ರತಿಯೊಬ್ಬ ವರ್ತಕರ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ಒಳಗಿರುವುದೂ ಲಿನಕ್ಸ್ ತಿರುಳೇ.

ಮೇಲಿನ ತೊಂದರೆಗೆ ತಕ್ಷಣದ ಪರಿಹಾರ ಸುಲಭ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಸಂಬಂಧಿತ ಉಪಕರಣದ ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದಲ್ಲಿ, ವಿದ್ಯುತ್ ಉಳಿಸಲು ಉಪಕರಣವನ್ನು ಆರಿಸಲು ಅನುಮತಿ ನೀಡುವ ಗುರುತನ್ನು ತೆಗೆದುಹಾಕಬೇಕು. ಉಳಿತಾಯವಾಗುತ್ತಿದ್ದ ವಿದ್ಯುತ್ ಅತ್ಯಲ್ಪ. ತಪ್ಪಿಹೋಗುವ ತೂಕದ ಚೀಟಿಯ ಬೆಲೆ ಅಷ್ಟು ಅಲ್ಪವಲ್ಲ.

ಯುಪಿಎಸ್ ವಿಷಯದಲ್ಲಿ ನಿರ್ಲಕ್ಷ್ಯ ಇನ್ನೂ ಹೆಚ್ಚು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ 1985ರಿಂದ ನಾಡಿಗೆ ವಿದ್ಯುತ್ ಕೊಡುತ್ತಿದ್ದರೂ ಅದೇ ಜಿಲ್ಲೆಯ ಅಂಗಡಿಗಳಿಗೆ ಯುಪಿಎಸ್ ತಪ್ಪಿಲ್ಲ. ಯುಎಸ್‌ಬಿ ಸಂಪರ್ಕವಿರುವ ಯುಪಿಎಸ್ ಕೊಂಡು ಅದರ ಸಂಕೇತದ ಕೇಬಲನ್ನು ಡಬ್ಬಿಯಲ್ಲಿಯೇ ಬಿಟ್ಟರೆ, ಬ್ಯಾಟರಿ ಮುಗಿಯುತ್ತಿರುವ ಸಂಗತಿ ಗಣಕಯಂತ್ರಕ್ಕೆ ತಿಳಿಯುವುದೇ ಇಲ್ಲ. ಕೇಬಲ್ ಜೋಡಿಸಿ ಹೊಂದಿಸಿದರೆ ಯಂತ್ರವು ಕಡತಗಳನ್ನು ಮುಚ್ಚಿ ತಾನಾಗಿಯೇ ಕ್ರಮಬದ್ಧವಾಗಿ ಆರುತ್ತದೆ. ಕಡಿಮೆ ಬೆಲೆಯ ಹಲವು ಯುಪಿಎಸ್‌ಗಳಲ್ಲಿ ಈ ಸೌಕರ್ಯವೇ ಇರುವುದಿಲ್ಲವಾದ್ದರಿಂದ ಕೊಳ್ಳುವಾಗಲೇ ವಿಚಾರಿಸಬೇಕು. ಆದಾಯ ತೆರಿಗೆಯಲ್ಲಿ ಗಣಕಯಂತ್ರದ ಸವಕಳಿ ದರವು 2018-19ನೇ ತೆರಿಗೆ ನಿರ್ಧಾರಣಾ ವರ್ಷದಿಂದ ಶೇ. 60ರ ಬದಲು ಶೇ. 40; ಯುಪಿಎಸ್ ಅದರ ಅಂಗವೇ ಎಂಬ ವ್ಯಾಜ್ಯಗಳಲ್ಲಿ ತೆರಿಗೆದಾರರ ಪರ ತೀರ್ಪುಗಳೂ ಬಂದಿವೆ.

ತೂಕದ ಯಂತ್ರ, ತೇವಾಂಶ ಮಾಪಕ ಮುಂತಾದವುಗಳನ್ನು ಸ್ವತಃ ಜೋಡಿಸಿ ಮಾರುವ ಸಣ್ಣ ಉದ್ದಿಮೆದಾರರು ಹೊಸ ಯಂತ್ರವನ್ನು ರವಾನಿಸುವ ಮುನ್ನ ಅದನ್ನು ಗಣಕಯಂತ್ರಕ್ಕೆ ಜೋಡಿಸಿ, ನಿದ್ರಾಸ್ಥಿತಿಗೆ ಕಳುಹಿಸಿ ಎಬ್ಬಿಸುವ ಪರೀಕ್ಷೆಯನ್ನು ನೂರು ಬಾರಿಯಾದರೂ ನಡೆಸುವುದು ಉಚಿತ. ಇದಕ್ಕೆ ಹಿಡಿಯುವುದು ಒಂದು ದಿನದ ಕೆಲಸ. ಸುಗ್ಗಿಯ ಕಾಲದಲ್ಲಿ ಮಾನ್ವಿ, ದೇವದುರ್ಗಗಳಿಗೆ ಮೆಕ್ಯಾನಿಕ್‌ನನ್ನು ಅಟ್ಟುವ ಒಂದೆರಡು ಸಲದ ಖರ್ಚಿನಲ್ಲಿಯೇ ಅದು ಹುಟ್ಟಿಬಿಡುತ್ತದೆ.