ಪಾದರಕ್ಷೆಗಳ ಊರಿನಲ್ಲಿ ಒಂದು ಸಂಸಾರ

ಸಂಸಾರವೆಂಬುದು ಎಲ್ಲ ದೇಶಗಳಲ್ಲಿಯೂ ಸಂಸಾರವೇ. ಬೆಳಗಾದರೆ ಒಲೆ, ಮಕ್ಕಳ ಶಾಲೆ, ಬೆಲೆ ಏರಿದ ದಿನಸಿ, ನಲ್ಲಿಯಲ್ಲಿ ಬಾರದ ನೀರು, ತಿಂಗಳ ಕೊನೆಯ ಚಿಂತೆ. ಇವುಗಳ ನಡುವೆಯೇ ಒಂದಿಷ್ಟು ಹಾಡು, ಒಂದಿಷ್ಟು ಆಟ. ಪರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಅಲ್ಲಿನ ಸೌಧಗಳನ್ನೂ ಕಡಲ ತೀರಗಳನ್ನೂ ವರ್ಣಿಸುತ್ತಾರೆ. ನಾವು ಕಂಡದ್ದು ಒಂದು ಅಡುಗೆಮನೆಯನ್ನು, ಒಂದು ಓಣಿಯನ್ನು, ತಾಯಿ ಎದುರಿಗಿಲ್ಲದ ಒಂದು ಕುಟುಂಬವನ್ನು. ಅಷ್ಟನ್ನು ಮಾತ್ರ ಓದುಗ ಬಂಧುಗಳ ಮುಂದಿಡುತ್ತೇವೆ.

ಫಿಲಿಪ್ಪೀನ್ಸ್ ದೇಶದಲ್ಲಿ ವೈದ್ಯ ವ್ಯಾಸಂಗ ಮಾಡುತ್ತಿರುವ ಭಾರತೀಯ ವಿದ್ಯಾರ್ಥಿಗಳು ಸಾವಿರಾರು ಮಂದಿ. ನಮ್ಮ ಹಾವೇರಿ ಸೀಮೆಯ ಭಕ್ತರೊಬ್ಬರ ಮಗಳೂ ಅವರಲ್ಲೊಬ್ಬಳು. 2023ರ ಸೆಪ್ಟೆಂಬರ್ ತಿಂಗಳಿನಲ್ಲಿ ಆ ಭಕ್ತರು ಮಗಳನ್ನು ನೋಡಿ ಬರಲು ಹೊರಟಾಗ, “ಭಾಷೆ ಬಾರದ ಊರು, ತಾವು ಜೊತೆಗಿದ್ದರೆ ಧೈರ್ಯ” ಎಂದು ನಮ್ಮನ್ನೂ ಒತ್ತಾಯದಿಂದ ಕರೆದೊಯ್ದರು. ಅಲ್ಲಿನ ಭಾಷೆ ನಮಗೂ ಬಾರದೆಂಬುದನ್ನು ಅವರು ಮರೆತಿದ್ದರು. ಮನಿಲಾ ಮಹಾನಗರಕ್ಕೆ ಸೇರಿದ ಮರಿಕಿನಾ ಎಂಬ ನಗರದಲ್ಲಿ ಆ ಹುಡುಗಿ ಒಂದು ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ ಇದ್ದಳು. ಅಲ್ಲಿಯೇ ನಮ್ಮ ಮೂರು ವಾರಗಳ ವಾಸ.

ಕೆಳಗಿನ ಅಂತಸ್ತಿನಲ್ಲಿ ಮನೆಯ ಒಡೆಯರು. ಎಪ್ಪತ್ತು ದಾಟಿದ ಅಜ್ಜಿ; ಅಲ್ಲಿನ ಮಾತಿನಲ್ಲಿ ಲೋಲ. ಆಕೆಯ ಮಗ, ಮಗನ ಇಬ್ಬರು ಮಕ್ಕಳು. ಹಿರಿಯವಳು ಹದಿನಾರರ ಹುಡುಗಿ, ಕಿರಿಯವನು ಹತ್ತು ವರ್ಷದ ಬಾಲಕ. ಅಕ್ಕನನ್ನು ಅವರು ‘ಆತೆ’ ಎನ್ನುತ್ತಾರೆ. ಹುಡುಗ ತನ್ನ ಅಕ್ಕನನ್ನು ‘ಆತೆ, ಆತೆ’ ಎಂದು ಕೂಗುವಾಗ ನಮ್ಮ ಕಿವಿಗೆ ‘ಅತ್ತೆ’ ಎಂದೇ ಕೇಳಿಸಿ, ಇಷ್ಟು ಚಿಕ್ಕ ಅತ್ತೆಯೇ ಎಂದು ಮೊದಲ ದಿನ ಬೆರಗಾದೆವು. ಅಣ್ಣನಿಗೆ ‘ಕುಯಾ’. ಮನೆಯವರಲ್ಲದ ಹಿರಿಯರನ್ನೂ ಬರಿಯ ಹೆಸರಿನಿಂದ ಕರೆಯುವುದು ಅಲ್ಲಿ ಅಸಭ್ಯತೆ. ಮಾತಿನ ಕೊನೆಗೆ ‘ಪೊ’ ಎಂದು ಸೇರಿಸಿದರೆ ಗೌರವ. ನಮ್ಮ ಹೆಣ್ಣುಮಕ್ಕಳು ‘ರೀ’ ಎನ್ನುವಂತೆ.

ನಾವು ಹೊಸ್ತಿಲು ದಾಟಿದೊಡನೆ ಆ ಬಾಲಕ ಬಂದು ನಮ್ಮ ಬಲಗೈ ಹಿಡಿದ. ಏನೋ ಬೇಡುತ್ತಾನೆಂದು ಕೈ ಹಿಂದೆಗೆದೆವು. ಆತ ಬಿಡದೆ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ. ಇದು ಅವರ ‘ಮಾನೊ’, ಹಿರಿಯರಿಂದ ಆಶೀರ್ವಾದ ಪಡೆಯುವ ಪದ್ಧತಿ. ಶಾಲೆಯಿಂದ ಬಂದಾಗ, ಆಟದಿಂದ ಬಂದಾಗ, ಅಜ್ಜಿಯ ಕೈಯನ್ನು ಹಣೆಗೊತ್ತಿಕೊಂಡೇ ಚೀಲ ಕೆಳಗಿಡಬೇಕು. ಕೈ ಹಿಂದೆಗೆದುದಕ್ಕೆ ನಮಗೆ ನಾಚಿಕೆಯಾಯಿತು.

ಆ ಭಾಷೆಯಲ್ಲಿ ಹುಡುಕಿದರೆ ನಮ್ಮ ನೆಂಟರು ಬಹಳ ಸಿಗುತ್ತಾರೆ. ಉಪಾಧ್ಯಾಯನಿಗೆ ‘ಗುರೊ’, ಮೋರೆಗೆ ‘ಮುಖಾ’, ಕಡುಬಡವನಿಗೆ ‘ದುಖಾ’. ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, 1989ರಲ್ಲಿ ಲಗೂನಾ ಪ್ರಾಂತ್ಯದಲ್ಲಿ ದೊರೆತ ಒಂದು ತಾಮ್ರಪಟವಿದೆ. ಶಕವರ್ಷ 822, ವೈಶಾಖ ಮಾಸ, ಅಂದರೆ ಕ್ರಿ.ಶ. 900. ನಮ್ಮ ನಾಡಿನ ಶಾಸನಗಳಂತೆಯೇ ಸ್ವಸ್ತಿವಾಚನದಿಂದ ಆರಂಭವಾಗುತ್ತದೆ. ಕಾವಿ ಲಿಪಿ, ಹಳೆಯ ಮಲಯ ಭಾಷೆ. ಅದರಲ್ಲಿರುವುದು ದಿಗ್ವಿಜಯವಲ್ಲ, ದೇವಾಲಯದ ದತ್ತಿಯೂ ಅಲ್ಲ. ಒಬ್ಬ ಗೃಹಸ್ಥನ ಸಾಲ ತೀರಿತೆಂದೂ ಅವನ ಸಂತತಿಯೂ ಋಣಮುಕ್ತವೆಂದೂ ಬರೆದುಕೊಟ್ಟ ಪತ್ರ. ಆ ದೇಶದ ಇತಿಹಾಸದಲ್ಲಿ ಕಾಲ ನಿರ್ದಿಷ್ಟವಾಗಿ ತಿಳಿದಿರುವ ಅತಿ ಹಳೆಯ ದಾಖಲೆ ಒಂದು ಮನೆಯ ಸಾಲಕ್ಕೆ ಸಂಬಂಧಿಸಿದ್ದೆಂಬುದು ನಮ್ಮ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಏಕೆಂದರೆ ನಾವು ಉಳಿದುಕೊಂಡಿದ್ದ ಮನೆಯ ಕಥೆಯೂ ಸಾಲದ್ದೇ.

ಮರಿಕಿನಾ ಪಾದರಕ್ಷೆಗಳ ಊರು. 1887ರ ಸುಮಾರಿಗೆ ಲಾರಿಯಾನೊ ಗೆವಾರಾ ಎಂಬ ಊರ ಪ್ರಮುಖರು ಪರದೇಶದಿಂದ ತಂದ ಒಂದು ಜೊತೆ ಬೂಟನ್ನು ಎಳೆ ಎಳೆಯಾಗಿ ಬಿಚ್ಚಿ, ಅದು ಹೇಗೆ ಕೂಡಿದೆಯೆಂದು ನೋಡಿ, ನೆರೆಯವರಿಗೆ ಕಲಿಸಿದರಂತೆ. ಅಲ್ಲಿಂದ ಮುಂದೆ ಮನೆ ಮನೆಯೂ ಕಾಯಕಶಾಲೆ. ಅಟ್ಟೆ ಕತ್ತರಿಸುವವರು ಗಂಡಸರು, ಮೇಲ್ಭಾಗ ಹೊಲಿಯುವವರು ಹೆಂಗಸರು, ಅಂಟು ಹಚ್ಚುವವರು ಮಕ್ಕಳು. ಈಗ ಅಲ್ಲೊಂದು ಪಾದರಕ್ಷೆಗಳ ವಸ್ತುಸಂಗ್ರಹಾಲಯವುಂಟು. ಸರ್ವಾಧಿಕಾರಿ ಮಾರ್ಕೋಸರ ಪತ್ನಿ ಇಮೆಲ್ಡಾ ಅವರ ನೂರಾರು ಜೊತೆಗಳನ್ನು ಗಾಜಿನ ಕಪಾಟುಗಳಲ್ಲಿ ಜೋಡಿಸಿಟ್ಟಿದ್ದಾರೆ. ಜನ ಅವನ್ನು ನೋಡಲು ಹೋಗುತ್ತಾರೆ, ನಾವೂ ಹೋದೆವು. ಎರಡು ಕಾಲಿಗೆ ಅಷ್ಟು ಚಪ್ಪಲಿಗಳನ್ನು ಕಂಡ ಮೇಲೆ ಬೇರೆ ಉಪದೇಶ ಬೇಕಿಲ್ಲ.

ಲೋಲಳ ಗಂಡ ಈ ಕಾಯಕದವರು, ಮಗನೂ ಅದನ್ನೇ ಕಲಿತವರು. ಚೀನಾದಿಂದ ಅಗ್ಗದ ಬೂಟುಗಳು ಬಂದು ಸುರಿದ ಮೇಲೆ ಓಣಿಯ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಗ ಈಗ ಹಗಲು ಟ್ರೈಸಿಕಲ್ ಓಡಿಸುತ್ತಾರೆ. ಅದು ಮೋಟಾರು ಬೈಕಿನ ಪಕ್ಕಕ್ಕೆ ಗೂಡು ಕಟ್ಟಿದ ವಾಹನ. ರಾತ್ರಿ ಯಾರಾದರೂ ತಂದರೆ ಹರಿದದ್ದನ್ನು ಹೊಲಿದುಕೊಡುತ್ತಾರೆ. ನಮ್ಮ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದ್ದನ್ನು ನಾವು ಹೇಳದೆಯೇ ಕಂಡು, ಬೆಳಗಾಗುವುದರೊಳಗೆ ಸರಿಪಡಿಸಿ ಬಾಗಿಲ ಬಳಿ ಇಟ್ಟಿದ್ದರು. ಹಣ ಕೊಡಹೋದರೆ ಕೈಮುಗಿದರು. ಕಲ್ಯಾಣದ ಹರಳಯ್ಯ ಕಲ್ಯಾಣಮ್ಮ ದಂಪತಿಗಳು ನೆನಪಾಗದೆ ಇರಲು ಸಾಧ್ಯವೇ? ಒಂದು ‘ಶರಣಾರ್ಥಿ’ಯ ಭಾರವನ್ನು ತಾಳಲಾರದೆ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದವರ ಕಥೆಯನ್ನು ಆ ಮನೆಯವರಿಗೆ ಹೇಳಿದೆವು, ಭಕ್ತರ ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು. ಲೋಲ ಶಿಲುಬೆಯ ಗುರುತು ಮಾಡಿಕೊಂಡಳು. ಮಗ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಅವರಿಗೆ ಎಷ್ಟು ಮಕ್ಕಳಿದ್ದರು?” ಎಂದು ಕೇಳಿದರು.

ಮನೆಯ ಸೊಸೆ ಹಾಂಗ್‌ಕಾಂಗಿನಲ್ಲಿದ್ದಾಳೆ. ಪರರ ಮನೆಯ ಅಡುಗೆ, ಪರರ ಮಕ್ಕಳ ಆರೈಕೆ. ಎರಡು ವರ್ಷದ ಕರಾರು, ಅದು ಮುಗಿದಾಗ ಊರಿಗೊಮ್ಮೆ ಬಂದು ಹೋಗುವುದು. ಕಿರಿಯವನಿಗೆ ಮೂರು ವರ್ಷವಿದ್ದಾಗ ಹೋದವಳು. ಹೋಗಲು ದಲ್ಲಾಳಿಗಳಿಗೆ ಕಟ್ಟಿದ ಹಣಕ್ಕಾಗಿಯೇ ಸಾಲ. ಆ ಸಾಲ ತೀರುವುದರೊಳಗೆ ಮಾವನ ಕಾಯಿಲೆ. ಅದು ತೀರುವುದರೊಳಗೆ ನೆರೆ. ಇದು ಒಂದು ಮನೆಯ ವಿಚಾರವಲ್ಲ. ಹೊರದೇಶದಲ್ಲಿ ದುಡಿಯಲು ಜನರನ್ನು ಕಳಿಸುವುದನ್ನು ಆ ಸರ್ಕಾರ 1974ರ ಕಾರ್ಮಿಕ ಸಂಹಿತೆಯ ಕಾಲದಿಂದಲೂ ಒಂದು ನೀತಿಯನ್ನಾಗಿ ನಡೆಸಿಕೊಂಡು ಬಂದಿದೆ. 2023ನೆಯ ಒಂದೇ ವರ್ಷದಲ್ಲಿ ಹಾಗೆ ದುಡಿಯುವವರು ಬ್ಯಾಂಕುಗಳ ಮೂಲಕ ಮನೆಗೆ ಕಳಿಸಿದ ಹಣ 3,300 ಕೋಟಿ ಡಾಲರಿಗೂ ಮಿಗಿಲು. ಅವರನ್ನು ನವವೀರರೆಂದು ಹೊಗಳುವುದುಂಟು. ಹೊಗಳಿಕೆ ಸುಲಭ.

ಈಗ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹೆತ್ತ ಮಕ್ಕಳನ್ನು ಬಿಟ್ಟು ಹಣಕ್ಕಾಗಿ ದೂರ ಹೋಗುವ ತಾಯಂದಿರನ್ನು ಕುರಿತು ನಾವು ಹಲವು ಪ್ರವಚನಗಳಲ್ಲಿ ಕಟುವಾಗಿ ಮಾತನಾಡಿದವರು. ಗೃಹಿಣಿಯೇ ಗೃಹವೆಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡವರು. ಆ ಮಾತುಗಳನ್ನು ಮರಿಕಿನಾದ ಆ ಅಡುಗೆಮನೆಯಲ್ಲಿ ಕುಳಿತು ಇನ್ನೊಮ್ಮೆ ಹೇಳಲು ನಮಗೆ ನಾಲಿಗೆ ಏಳಲಿಲ್ಲ. ಕುಶಲ ಕೈಗಳಿಗೆ ಊರಿನಲ್ಲಿ ಬೆಲೆಯಿಲ್ಲದಂತೆ ಮಾಡಿದವರು ಯಾರೋ. ತಪ್ಪನ್ನು ತಾಯಿಯ ತಲೆಗೆ ಕಟ್ಟುವವರು ನಾವು.

ನಿತ್ಯದ ಜೀವನಕ್ಕೆ ಬರೋಣ. ಬೆಳಗ್ಗೆ ನಾಲ್ಕು ಗಂಟೆಗೇ ಓಣಿ ಎಚ್ಚರ. ಮನಿಲಾದ ವಾಹನ ಸಂದಣಿ ಜಗತ್ಪ್ರಸಿದ್ಧ. ಹತ್ತು ಮೈಲು ದೂರದ ಕಚೇರಿಗೆ ಎರಡು ಗಂಟೆ ಮೊದಲೇ ಹೊರಡಬೇಕು. 2021ರಲ್ಲಿ ಮರಿಕಿನಾದ ಅಂಚಿನ ಮೂಲಕ ವಿಸ್ತರಣೆಯಾದ ಮೇಲ್ಸೇತುವೆಯ ರೈಲಿನಿಂದ ಒಂದಿಷ್ಟು ಅನುಕೂಲವಾಗಿದೆ. ಉಳಿದಂತೆ ಜೀಪ್ನಿಯೇ ಗತಿ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೇನೆ ಬಿಟ್ಟುಹೋದ ಜೀಪುಗಳನ್ನು ಉದ್ದಮಾಡಿ, ಬಣ್ಣ ಬಳಿದು, ಸಂತರ ಚಿತ್ರ ಅಂಟಿಸಿ ಹುಟ್ಟಿದ ವಾಹನವಿದು. ಎದುರುಬದುರು ಎರಡು ಬೆಂಚು, ನಿರ್ವಾಹಕನಿಲ್ಲ. ಹಿಂದೆ ಕುಳಿತವನು ಕೊಟ್ಟ ನಾಣ್ಯ ಕೈಯಿಂದ ಕೈಗೆ ಸಾಗಿ ಚಾಲಕನನ್ನು ಮುಟ್ಟುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ನಾವು ಪ್ರಯಾಣಿಸಿದಷ್ಟು ಸಲವೂ ಒಂದು ನಾಣ್ಯವೂ ದಾರಿ ತಪ್ಪಲಿಲ್ಲ. ಒಂದು ಗಂಟೆ ಹೊಗೆ ಕುಡಿದು ಕುಳಿತ ಜನ ಇಷ್ಟು ನಂಬಿಕೆಯಿಂದ ಹೇಗಿರುತ್ತಾರೋ!

ಓಣಿಯ ಮೂಲೆಗೆ ಕಿಟಕಿಯಷ್ಟೇ ಅಗಲದ ‘ಸಾರಿ-ಸಾರಿ’ ಅಂಗಡಿ. ಒಂದು ಲೋಟ ಎಣ್ಣೆ, ಒಂದೇ ಬೆಳ್ಳುಳ್ಳಿ ಗಡ್ಡೆ, ಒಂದು ಸಲದ ಸಾಬೂನಿನ ಪುಡಿ. ಹಾಗೆ ಚೂರುಚೂರಾಗಿ ಕೊಳ್ಳುವುದು ಒಟ್ಟಿನಲ್ಲಿ ದುಬಾರಿಯೆಂದು ಲೋಲಳಿಗೂ ಗೊತ್ತು. ಒಟ್ಟಿಗೆ ಕೊಳ್ಳಲು ಹಣ ಒಟ್ಟಿಗೆ ಬರಬೇಕಲ್ಲ! ಆ ವರ್ಷದ ಆರಂಭದಲ್ಲಿ ಕಿಲೋ ಈರುಳ್ಳಿಗೆ 600 ಪೆಸೊ, ನಮ್ಮ ಲೆಕ್ಕದಲ್ಲಿ ಒಂಬೈನೂರು ರೂಪಾಯಿಯಷ್ಟಾಗಿ, ಮಾಂಸಕ್ಕಿಂತ ಈರುಳ್ಳಿ ತುಟ್ಟಿಯಾಗಿತ್ತಂತೆ. ಅಕ್ಕಿಯದೂ ಅದೇ ಗೋಳು. ನಮ್ಮ ಗಂಗಾವತಿ, ದಾವಣಗೆರೆಯ ರೈತರು ಬೆಳೆದ ‘ಐಆರ್ 64’ ಭತ್ತ ಮನಿಲಾದ ದಕ್ಷಿಣಕ್ಕಿರುವ ಲೋಸ್ ಬಾನ್ಯೋಸಿನ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ತಳಿ. ಜಗತ್ತಿಗೆ ಬೀಜ ಕೊಟ್ಟ ನಾಡು ಇಂದು ಹೊರಗಿನಿಂದ ಅಕ್ಕಿ ತರಿಸಿಕೊಳ್ಳುತ್ತದೆ.

ಮೂರು ಹೊತ್ತೂ ಅನ್ನ ಉಣ್ಣುವ ಜನ. ತರಕಾರಿಗೂ ಸೀಗಡಿಯ ಹುಳಿಗೊಜ್ಜನ್ನು ಬೆರೆಸುವ ಪದ್ಧತಿಯಿರುವುದರಿಂದ ನಮಗೆ ಮೊದಲೆರಡು ದಿನ ಬಾಳೆಯ ಹಣ್ಣೇ ಪ್ರಸಾದ. ಸಂಗತಿ ತಿಳಿದ ಲೋಲ ಒಂದು ಹೊಸ ಬಾಣಲೆ ಕೊಂಡು ತಂದು ನಮಗಾಗಿಯೇ ತೆಗೆದಿಟ್ಟಳು. ಬೆಳಗ್ಗೆ ನಾವು ಕರಸ್ಥಲದಲ್ಲಿ ಇಷ್ಟಲಿಂಗವಿಟ್ಟು ಪೂಜೆಗೆ ಕುಳಿತಾಗ ಬಾಲಯೇಸುವಿನ ಮೂರ್ತಿಯಿದ್ದ ತನ್ನ ಗೂಡಿನ ದೀಪವನ್ನೂ ಹಚ್ಚಿ, ಮೊಮ್ಮಕ್ಕಳಿಗೆ ಸದ್ದು ಮಾಡಬೇಡಿರೆಂದು ಸನ್ನೆ ಮಾಡುತ್ತಿದ್ದಳು.

ನೀರಿನ ವಿಷಯದಲ್ಲಿ ಆಕೆಗೆ ಎರಡು ಬಗೆಯ ಭಯ. 2019ರ ಮಾರ್ಚಿನಲ್ಲಿ ಮಹಾನಗರದ ಪೂರ್ವ ಭಾಗದ ನಲ್ಲಿಗಳು ಬತ್ತಿ, ಜನ ಬಕೆಟ್ಟು ಹಿಡಿದು ಸಾಲುನಿಂತಿದ್ದರು. ಅಂದಿನಿಂದ ಮನೆಯಲ್ಲಿ ಮೂರು ಪೀಪಾಯಿ ಸದಾ ತುಂಬಿರಬೇಕು. ಇನ್ನೊಂದು, ನದಿ. 2009ರ ಸೆಪ್ಟೆಂಬರ್ 26ರಂದು ತಿಂಗಳ ಮಳೆ ಒಂದೇ ದಿನ ಸುರಿದು ಮರಿಕಿನಾ ನದಿ ಊರನ್ನು ನುಂಗಿತು. 2020ರ ನವೆಂಬರಿನಲ್ಲಿ ಮತ್ತೆ ನೀರು 22 ಮೀಟರ್ ಮುಟ್ಟಿತು. ಕೆಳಮನೆಯ ಗೋಡೆಯ ಮೇಲೆ ಎರಡೂ ವರ್ಷಗಳ ಗೆರೆಗಳಿವೆ. ಮೊದಲನೆಯದು ನಮ್ಮ ತಲೆಗಿಂತ ಮೇಲೆ. ನದಿ 15 ಮೀಟರಿಗೆ ಬಂದರೆ ಮೊದಲ ಸೈರನ್, 16ಕ್ಕೆ ಎರಡನೆಯದು, 18ಕ್ಕೆ ಎಲ್ಲರೂ ಮನೆ ಬಿಡಲೇಬೇಕು. ನಾವಿದ್ದಾಗ ಒಂದು ರಾತ್ರಿ ಜಡಿಮಳೆ ಹಿಡಿಯಿತು. ಸೈರನ್ ಮೊಳಗಲಿಲ್ಲ. ಆದರೆ ಮಗ ಹೊಲಿಗೆ ಯಂತ್ರವನ್ನೂ ಮರದ ಪಾದದಚ್ಚುಗಳ ಮೂಟೆಯನ್ನೂ ಮೆಟ್ಟಿಲೇರಿಸಿ ನಮ್ಮ ಕೋಣೆಯಲ್ಲಿಟ್ಟು, “ಕ್ಷಮಿಸಿ ಪೊ” ಎಂದರು. ವರ್ಷಗಳಿಂದ ಕೆಲಸವಿಲ್ಲದ ಅಚ್ಚುಗಳು ಅವು.

ಇಷ್ಟೆಲ್ಲದರ ನಡುವೆ ಅವರ ಹಾಡು ನಿಲ್ಲುವುದಿಲ್ಲ. ಶನಿವಾರ ಸಂಜೆ ಯಾರದೋ ಮನೆಗೆ ವಿಡಿಯೋಕೆ ಯಂತ್ರ ಬಾಡಿಗೆಗೆ ಬರುತ್ತದೆ. ಪರದೆಯ ಮೇಲೆ ಸಾಹಿತ್ಯ, ಕೈಯಲ್ಲಿ ಧ್ವನಿವರ್ಧಕ, ಕೊನೆಗೆ ಯಂತ್ರವೇ ಅಂಕ ಕೊಡುತ್ತದೆ. ಓಣಿಗೆ ಓಣಿಯೇ ಕೇಳಲೇಬೇಕು. ನಮ್ಮ ನಿದ್ರೆಗೆ ಇದರಿಂದಾದ ಉಪದ್ರವ ಅಷ್ಟಿಷ್ಟಲ್ಲ. ಸೆಪ್ಟೆಂಬರ್ ಹುಟ್ಟಿದೊಡನೆ ಅಲ್ಲಿ ಕ್ರಿಸ್ಮಸ್ಸಿನ ಹಾಡುಗಳೂ ಆರಂಭವಾಗುವುದರಿಂದ ಅವೂ ಸೇರಿಕೊಂಡವು. ಟ್ರೈಸಿಕಲ್ ಇಳಿದು ಬಂದ ಆ ಮೌನಿ ಮಗ, ಹಾಡಲು ನಿಂತರೆ ಬೇರೆಯೇ ಮನುಷ್ಯ. ಹುಡುಗರಿಗೆ ಬ್ಯಾಸ್ಕೆಟ್‌ಬಾಲ್. ಓಣಿಯ ಕಂಬಕ್ಕೊಂದು ಬಳೆ ಕಟ್ಟಿ, ರಬ್ಬರ್ ಚಪ್ಪಲಿಯಲ್ಲಿಯೇ ಜಿಗಿಯುತ್ತಾರೆ. ವಾಹನ ಬಂದರೆ ಆಟ ನಿಲ್ಲಿಸಿ ದಾರಿ ಕೊಟ್ಟು ಮತ್ತೆ ಆಡುತ್ತಾರೆ. ಲೋಲಳಿಗೆ ಗಿಡಗಳ ಹುಚ್ಚು. ಬಣ್ಣದ ಡಬ್ಬಿಗಳಲ್ಲಿ ಬೆಳೆಸಿದ ನಲವತ್ತಕ್ಕೂ ಹೆಚ್ಚು ಗಿಡಗಳ ಕುಶಲವನ್ನು ದಿನವೂ ವಿಚಾರಿಸುತ್ತಾಳೆ. ಕೋಳಿಯ ಜೂಜೂ ಆ ನಾಡಿನಲ್ಲಿ ಬಹಳ. ಅದರ ಮಾತು ಬೇಡ.

ನಾವು ಹೊರಡುವ ವಾರ ಹಾಂಗ್‌ಕಾಂಗಿನಿಂದ ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಹಡಗಿನಲ್ಲಿ ವಾರಗಟ್ಟಲೆ ಸಾಗಿ ಬರುವ ಇದಕ್ಕೆ ‘ಬಾಲಿಕ್‌ಬಾಯನ್’ ಪೆಟ್ಟಿಗೆಯೆನ್ನುತ್ತಾರೆ. ಮನೆಯವರೆಲ್ಲ ಸುತ್ತ ಕುಳಿತು ಬಿಚ್ಚಿದರು. ಸಾಬೂನು, ಟವೆಲು, ಚಾಕಲೇಟು, ಅತ್ತೆಗೆ ಮುಲಾಮು, ಮಗಳಿಗೆ ಚೀಲ. ತಳದಲ್ಲಿ ಬಾಲಕನಿಗೆ ಬ್ಯಾಸ್ಕೆಟ್‌ಬಾಲ್ ಬೂಟು. ತಂದೆ ಅದನ್ನು ಕೈಗೆತ್ತಿಕೊಂಡು ಅಟ್ಟೆಯನ್ನು ಬಗ್ಗಿಸಿ, ಅಂಟನ್ನು ಉಗುರಿನಿಂದ ಕೆರೆದು, ಏನೂ ಹೇಳದೆ ಮಗನಿಗೆ ಕೊಟ್ಟರು. ಹುಡುಗ ಹಾಕಿಕೊಂಡ. ಹಿಮ್ಮಡಿ ಒಳಗೆ ಇಳಿಯಲಿಲ್ಲ. ತಾಯಿಗೆ ತಿಳಿದಿದ್ದುದು ಹಿಂದಿನ ವರ್ಷದ ಅಳತೆ.

ಭಾನುವಾರ ತಾಯಿಗೆ ರಜೆ. ದೂರವಾಣಿಯ ಪರದೆಯಲ್ಲಿ ಆಕೆಯ ಮುಖ ಕಂಡಿತು. ಹಿಂದೆ ಅವಳಂತಹ ನೂರಾರು ಹೆಂಗಸರು ರಟ್ಟು ಹಾಸಿಕೊಂಡು ರಸ್ತೆಯ ಬದಿಗೆ ಕುಳಿತಿದ್ದರು. ಆಕೆ ಕೇಳಿದ್ದು ಬೂಟಿನ ವಿಚಾರವನ್ನೇ. ಬಾಲಕ ಹಿಮ್ಮಡಿಯನ್ನು ತುಳಿದು ಹಾಕಿಕೊಂಡು, ಬೆರಳು ಮಡಿಚಿ ನಿಂತು, ಸರಿಯಾಗಿದೆ ಎಂದ. ಎರಡು ಸಲ ಜಿಗಿದೂ ತೋರಿಸಿದ. ಲೋಲ ನಮ್ಮ ಕಡೆಗೆ ನೋಡಿದಳು. ಹುಸಿಯ ನುಡಿಯಬಾರದೆಂದು ಮಕ್ಕಳಿಗೆ ನಲವತ್ತು ವರ್ಷ ಬೋಧಿಸಿದ ನಾವು ತಲೆ ತಗ್ಗಿಸಿದೆವು.

ನಾವು ಎಂಟನೆಯ ವಯಸ್ಸಿನಲ್ಲಿ ಮಠದ ಪ್ರಸಾದ ನಿಲಯ ಸೇರಿದವರು. ಹೊಲವಿಲ್ಲದ ಮನೆ, ಮಠದಲ್ಲಿ ಅನ್ನ ಅಕ್ಷರ ಎರಡೂ ಉಂಟೆಂದು ತಂದೆ ಬಿಟ್ಟುಹೋದರು. ವರ್ಷಕ್ಕೊಮ್ಮೆ ಜಾತ್ರೆಗೆ ಬರುತ್ತಿದ್ದ ಅವ್ವ ಅಂಗಿ ಹೊಲಿಸಿ ತರುತ್ತಿದ್ದಳು. ಅದು ಪ್ರತಿವರ್ಷವೂ ಗಿಡ್ಡ. ಕಂಕುಳಲ್ಲಿ ಹಿಡಿಯುತ್ತಿದ್ದರೂ ಸರಿಯಾಗಿದೆಯವ್ವಾ ಎಂದೇ ನಾವು ಹೇಳುತ್ತಿದ್ದೆವು.

ಅಂದು ರಾತ್ರಿ ಊಟವಾದ ಮೇಲೆ ಆ ಮಗ ಹಳೆಯ ವೃತ್ತಪತ್ರಿಕೆಯೊಂದನ್ನು ದೀಪದ ಕೆಳಗೆ ಹಾಸಿ, ಬಾಲಕನ ಪಾದವನ್ನು ಅದರ ಮೇಲೆ ಇರಿಸಿ, ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದರು. ಹುಡುಗನಿಗೆ ಕಚಗುಳಿಯಾಗಿ ನಗು. ಆಮೇಲೆ ಅವರು ನಮ್ಮ ಕೋಣೆಗೆ ಬಂದು, ಅಚ್ಚುಗಳ ಮೂಟೆ ಬಿಚ್ಚಿ, ಒಂದೊಂದನ್ನೇ ಆ ಗೆರೆಯ ಮೇಲೆ ಇಟ್ಟು ನೋಡತೊಡಗಿದರು.